ಮಾನ್ಯಖೇಟದಲ್ಲಿ ಇಲ್ಲದ ಗಡ್ಡೆ, ಮಳಖೇಡದ ಮಾಳಿಗೆಯ ಮೇಲೆ

ಸೇಡಂ ತಾಲ್ಲೂಕಿನ ಮಳಖೇಡವನ್ನು ನೀವು ನೋಡಿರಬಹುದು. ಕಾಗಿಣಾ ನದಿಯ ದಂಡೆಯಲ್ಲಿ ಒಂದು ಕೋಟೆಯ ಅವಶೇಷ, ನೇಮಿನಾಥ ಬಸದಿ, ಸುತ್ತಲೂ ತೊಗರಿ ಹೊಲಗಳು, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು. ಇದೇ ಊರು ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟ ಎಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಮೋಘವರ್ಷ ನೃಪತುಂಗ (814-878) ಇಲ್ಲಿಂದ ರಾಜ್ಯವಾಳಿದ. ‘ಕವಿರಾಜಮಾರ್ಗ’ ಹುಟ್ಟಿದ್ದು, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಬರೆದದ್ದು ಈ ದೊರೆಯ ಕಾಲದಲ್ಲಿ.

ಈಗ ಒಂದು ಸರಳ ಪ್ರಶ್ನೆ. ಅಂಥ ಅರಸನ ಅಡುಗೆಮನೆಯಲ್ಲಿ ಆಲೂಗಡ್ಡೆಯ ಪಲ್ಯ ಬೇಯುತ್ತಿತ್ತೆ? ಖಂಡಿತ ಇಲ್ಲ. ಅಮೋಘವರ್ಷ ಜೈನಧರ್ಮಕ್ಕೆ ಒಲಿದವನು, ಕಂದಮೂಲಗಳು ಜೈನರಿಗೆ ವರ್ಜ್ಯ ಎಂಬುದು ಮಾತ್ರ ಇದಕ್ಕೆ ಕಾರಣವಲ್ಲ. ಆಗ ಆಲೂಗಡ್ಡೆ ಭಾರತದಲ್ಲಿಯೇ ಇರಲಿಲ್ಲ. ಮೆಣಸಿನಕಾಯಿ, ಟೊಮ್ಯಾಟೊ, ಶೇಂಗಾ ಕೂಡ ಇರಲಿಲ್ಲ. ಇವೆಲ್ಲ ಅಮೆರಿಕ ಖಂಡದಿಂದ ಬಂದ ಅತಿಥಿಗಳು. ಅವುಗಳಲ್ಲಿ ಆಲೂಗಡ್ಡೆಯ ಕಥೆ ವಿಶೇಷವಾದದ್ದು. ಏಕೆಂದರೆ ಉಳಿದವು ನಮ್ಮ ಬಿಸಿಲಿಗೆ ಬೇಗ ಒಗ್ಗಿಕೊಂಡವು, ಆಲೂಗಡ್ಡೆ ಮಾತ್ರ ಇಂದಿಗೂ ತನ್ನ ತವರಿನ ತಂಪನ್ನು ಬಯಸುತ್ತಿದೆ. ಕಲಬುರಗಿ ಸೀಮೆಯ ಮನೆಯ ಮಾಳಿಗೆಯ ಮೇಲೆ ಒಂದು ಚೀಲದಲ್ಲಿ ಅದನ್ನು ಬೆಳೆಯಬೇಕೆಂದರೆ ಈ ಚರಿತ್ರೆಯನ್ನು ತಿಳಿದಿರಬೇಕು.

ಪೀಪಾಯಿಯಲ್ಲಿ ಬಂದ ಗಡ್ಡೆ

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿ. ಇಂದಿನ ಪೆರು ಮತ್ತು ಬೊಲಿವಿಯಾ ದೇಶಗಳ ನಡುವಿನ ಟಿಟಿಕಾಕಾ ಸರೋವರದ ಆಸುಪಾಸಿನಲ್ಲಿ ಏಳೆಂಟು ಸಾವಿರ ವರ್ಷಗಳ ಹಿಂದೆ ಜನ ಅದನ್ನು ಪಳಗಿಸಿದರು. ಸಸ್ಯದ ಹುಟ್ಟು ಇನ್ನೂ ಹಳೆಯದು. ಸುಮಾರು 90 ಲಕ್ಷ ವರ್ಷಗಳ ಹಿಂದೆ ಟೊಮ್ಯಾಟೊ ಗಿಡದ ಪೂರ್ವಜ ಮತ್ತು ಗಡ್ಡೆ ಬಿಡದ ಇನ್ನೊಂದು ಕಾಡುಸಸ್ಯ ಇವುಗಳ ಸಹಜ ಸಂಕರದಿಂದ ಆಲೂಗಡ್ಡೆಯ ವಂಶ ಹುಟ್ಟಿತೆಂದು 2025ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ತೋರಿಸಿದೆ. ಗಡ್ಡೆ ಕಟ್ಟದ ಎರಡು ವಂಶಗಳು ಸೇರಿ ಗಡ್ಡೆ ಕಟ್ಟುವ ವಂಶ ಹುಟ್ಟಿತು ಎಂಬುದು ಸೋಜಿಗವಲ್ಲವೆ?

ಸ್ಪೇನಿನವರು ಹದಿನಾರನೆಯ ಶತಮಾನದಲ್ಲಿ ಅದನ್ನು ಸಾಗರದಾಚೆಗೆ ತಂದರು. 1567ರಲ್ಲಿ ಕೆನರಿ ದ್ವೀಪಗಳಿಂದ ಆಂಟ್‌ವರ್ಪ್ ಬಂದರಿಗೆ ಆಲೂಗಡ್ಡೆಯನ್ನು ಪೀಪಾಯಿಗಳಲ್ಲಿ ತುಂಬಿ ಕಳುಹಿಸಿದ ದಾಖಲೆ ಉಳಿದಿದೆ. 1596ರಲ್ಲಿ ಗ್ಯಾಸ್ಪಾರ್ ಬೊಹಾಂ ಎಂಬ ಸಸ್ಯವಿಜ್ಞಾನಿ ಅದಕ್ಕೆ ‘ಸೊಲಾನಮ್ ಟ್ಯೂಬರೋಸಮ್’ ಎಂಬ ಹೆಸರಿಟ್ಟ. ಯೂರೋಪಿನ ಜನ ಬಹುಕಾಲ ಅದನ್ನು ನಂಬಲಿಲ್ಲ. ಅದರ ಗುಣವನ್ನು ಸಾರಿದ ಫ್ರಾನ್ಸಿನ ಪಾರ್ಮೆಂತಿಯೇನ ಪ್ರಯತ್ನ ಫಲಿಸಿದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ. ಒಮ್ಮೆ ನಂಬಿದ ಮೇಲೆ ಅತಿಯಾಗಿ ನಂಬಿದ್ದೂ ಉಂಟು. ಐರ್ಲೆಂಡಿನ ಬಡವರು ಒಂದೇ ಬೆಳೆಯನ್ನು ನೆಚ್ಚಿ ಬದುಕುತ್ತಿದ್ದಾಗ 1845ರಲ್ಲಿ ಅಂಗಮಾರಿ ರೋಗ ಬಿತ್ತು. ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು.

ಭಾರತಕ್ಕೆ ಅದನ್ನು ತಂದವರು ಪೋರ್ಚುಗೀಸರು. 1670ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದ ಇಂಗ್ಲಿಷ್ ವೈದ್ಯ ಜಾನ್ ಫ್ರೈಯರ್, ಸೂರತ್ ಮತ್ತು ಕರ್ನಾಟಕದ ತೋಟಗಳಲ್ಲಿ ಇದನ್ನು ಕಂಡನೆಂದು ಬೆಳೆಗಳ ಚರಿತ್ರೆ ಬರೆದವರು ಉಲ್ಲೇಖಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಕಾಲದ ಇಂಗ್ಲಿಷರು ಸಿಹಿಗೆಣಸನ್ನೂ ‘ಪೊಟೇಟೊ’ ಎಂದೇ ಕರೆಯುತ್ತಿದ್ದರು. ‘ಬಟಾಟಾ’ ಎಂಬುದೂ ಮೂಲತಃ ಕೆರಿಬಿಯನ್ ದ್ವೀಪವಾಸಿಗಳು ಸಿಹಿಗೆಣಸಿಗೆ ಇಟ್ಟ ಹೆಸರು. ಅದು ಪೋರ್ಚುಗೀಸರ ಬಾಯಿಂದ ಕೊಂಕಣಿ, ಮರಾಠಿಗಳಿಗೆ ಬಂದು ಬೆಳಗಾವಿ ಕಡೆ ‘ಬಟಾಟೆ’ಯಾಯಿತು. ನಿಜಾಮರ ಆಡಳಿತದಲ್ಲಿದ್ದ ಕಲಬುರಗಿಯಲ್ಲಿ ‘ಆಲೂ’ ಎಂಬ ಉತ್ತರದ ಹೆಸರು ನಿಂತಿತು. ಅದಕ್ಕೆ ಕನ್ನಡದ ‘ಗಡ್ಡೆ’ ಸೇರಿತು. ಒಂದೇ ತರಕಾರಿಯ ಎರಡು ಹೆಸರುಗಳಲ್ಲಿ ಎರಡು ದಾರಿಗಳ ಚರಿತ್ರೆ ಅಡಗಿದೆ.

ರಾತ್ರಿಯ ತಂಪು ಏಕೆ ಬೇಕು?

ಆಲೂಗಡ್ಡೆ ಬೇರಲ್ಲ, ಕಾಂಡ. ನೆಲದೊಳಗೆ ಅಡ್ಡಲಾಗಿ ಚಾಚುವ ಸ್ಟೋಲನ್ ಎಂಬ ಎಳೆಕಾಂಡದ ತುದಿ ಉಬ್ಬಿ ಗಡ್ಡೆಯಾಗುತ್ತದೆ. ಅದರ ಮೇಲಿನ ಕಣ್ಣುಗಳು ಮೊಗ್ಗುಗಳು. ಈ ಉಬ್ಬುವಿಕೆಗೆ ಅಪ್ಪಣೆ ಬರುವುದು ಎಲೆಗಳಿಂದ. 1956ರಲ್ಲಿ ಎಲ್. ಇ. ಗ್ರೆಗರಿ ಎಂಬ ವಿಜ್ಞಾನಿ ಹಗಲಿನ ಉದ್ದ ಮತ್ತು ರಾತ್ರಿಯ ಉಷ್ಣತೆಗಳನ್ನು ಬದಲಿಸಿ ನಡೆಸಿದ ಪ್ರಯೋಗಗಳಿಂದ, ಹಗಲು ಗಿಡ್ಡವಾಗಿ ರಾತ್ರಿ ತಂಪಾಗಿದ್ದಾಗ ಎಲೆಯಲ್ಲಿ ಹುಟ್ಟುವ ಒಂದು ಸಂಕೇತ ಕೆಳಗಿಳಿದು ಗಡ್ಡೆ ಕಟ್ಟಿಸುತ್ತದೆ ಎಂದು ತೋರಿಸಿದರು. ಆ ಸಂಕೇತದ ಹಿಂದಿರುವ ಎಸ್‌ಪಿ6ಎ ಎಂಬ ಪ್ರೋಟೀನು 2011ರಲ್ಲಿ ಪತ್ತೆಯಾಯಿತು. ಬೇರೆ ಸಸ್ಯಗಳಲ್ಲಿ ಹೂ ಬಿಡಿಸುವ ಪ್ರೋಟೀನಿನ ಹತ್ತಿರದ ಸಂಬಂಧಿ ಅದು.

ರಾತ್ರಿಯ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹೆಚ್ಚಿನ ತಳಿಗಳಲ್ಲಿ ಗಡ್ಡೆ ಕಟ್ಟುವುದು ಕುಂಠಿತವಾಗುತ್ತದೆ, ಎಲೆ ಮಾತ್ರ ಸೊಂಪಾಗಿ ಬೆಳೆಯುತ್ತದೆ. ಹಾಗಾಗಿಯೇ 1820ರ ದಶಕದಲ್ಲಿ ಜಾನ್ ಸಲ್ಲಿವನ್ ಅದನ್ನು ಬೆಳೆಸಲು ನೀಲಗಿರಿಯನ್ನು ಹತ್ತಬೇಕಾಯಿತು. ಹಾಸನ, ಚಿಕ್ಕಬಳ್ಳಾಪುರ, ಕೋಲಾರಗಳ ಎತ್ತರದ ಬಯಲು ಅದಕ್ಕೆ ಒಗ್ಗಿದ್ದೂ ಇದೇ ಕಾರಣದಿಂದ. ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1949ರಲ್ಲಿ ಪಟ್ನಾದಲ್ಲಿ ಆರಂಭವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋಯಿತು. ಅಲ್ಲಿಯ ‘ಕುಫ್ರಿ’ ತಳಿಗಳು ನಮ್ಮ ಬೆಳೆಯ ಚಿತ್ರವನ್ನೇ ಬದಲಿಸಿದವು. 1968ರ ಕುಫ್ರಿ ಜ್ಯೋತಿ, ದಖನ್ ಪ್ರಸ್ಥಭೂಮಿಗಾಗಿ 1972ರಲ್ಲಿ ಬಂದ ಕುಫ್ರಿ ಲವ್‌ಕರ್, ರಾತ್ರಿ 20 ಡಿಗ್ರಿ ದಾಟಿದರೂ ಗಡ್ಡೆ ಕಟ್ಟಬಲ್ಲ 2006ರ ಕುಫ್ರಿ ಸೂರ್ಯ ಇವು ಮೂರು ಮಾದರಿಗಳು. ಮಳಖೇಡದ ಬೇಸಿಗೆಯಲ್ಲಿ ಹಗಲು 42 ಡಿಗ್ರಿ ದಾಟುತ್ತದೆ, ಆಗ ಆಲೂಗಡ್ಡೆಯ ಮಾತೇ ಬೇಡ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳು ತಂಪಾಗಿರುತ್ತವೆ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ಮೊದಲ ವಾರದವರೆಗಿನ ಹಿಂಗಾರಿ ಕಾಲವೇ ಇಲ್ಲಿಯ ಕಿಟಕಿ.

ಕುಂಡದ ಚರಿತ್ರೆ

ಗಿಡವನ್ನು ಕುಂಡದಲ್ಲಿಟ್ಟು ಪರೀಕ್ಷಿಸಿದ ಪ್ರಸಿದ್ಧ ಪ್ರಯೋಗ ವಾನ್ ಹೆಲ್ಮಾಂಟನದು. 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು ಐದು ವರ್ಷ ನೀರು ಮಾತ್ರ ಹಾಕಿದ. ಮರ 169 ಪೌಂಡ್ ಮೀರಿ ತೂಗಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೆ, 1648ರಲ್ಲಿ ಇದು ಪ್ರಕಟವಾಯಿತು. ತೀರ್ಮಾನ ಅಪೂರ್ಣ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆದರೆ ವಿಧಾನ ಶುದ್ಧ: ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ತೂಗಿ ನೋಡಬೇಕು. ಕುಂಡದ ದೊಡ್ಡ ಅನುಕೂಲವೇ ಇದು.

ಮಳಖೇಡ, ಸೇಡಂ, ವಾಡಿ, ಶಹಾಬಾದ್ ಕಡೆ ಕುಂಡಕ್ಕೆ ಹಣ ಕೊಡಬೇಕಾಗಿಲ್ಲ. ಸಿಮೆಂಟಿನ ಖಾಲಿ ಚೀಲಗಳು ಎಲ್ಲೆಲ್ಲೂ ಸಿಗುತ್ತವೆ. 50 ಕಿ.ಗ್ರಾಂ ಸಿಮೆಂಟಿನ ಚೀಲದ ಪರಿಮಾಣ ಸುಮಾರು 35 ಲೀಟರ್. ಒಂದು ಬಿತ್ತನೆ ಗಡ್ಡೆಗೆ ಇದು ಧಾರಾಳ. ಆದರೆ ಸಿಮೆಂಟು ಕ್ಷಾರೀಯ. ಸುಣ್ಣಕಲ್ಲಿನ ನೆಲದ ಎರೆಮಣ್ಣೂ ಕ್ಷಾರೀಯವೇ. ಆಲೂಗಡ್ಡೆಗೆ ಪಿಎಚ್ 5.5ರಿಂದ 6.5ರವರೆಗಿನ ತುಸು ಆಮ್ಲೀಯ, ಸಡಿಲ ಮಣ್ಣು ಹಿತ. ಕ್ಷಾರೀಯ ಮಣ್ಣಿನಲ್ಲಿ ಗಡ್ಡೆಯ ಸಿಪ್ಪೆಗೆ ಕಜ್ಜಿರೋಗ ಹೆಚ್ಚು. ಒಣಗಿದಾಗ ಬಿರಿದು ನೆನೆದಾಗ ಅಂಟಾಗುವ ಎರೆಯಲ್ಲಿ ಗಡ್ಡೆ ಉಬ್ಬಲು ಜಾಗವೂ ಸಿಗುವುದಿಲ್ಲ. ಹೊಲದ ಮಣ್ಣನ್ನು ಬದಲಿಸಲಾಗದು, ಚೀಲದ ಮಣ್ಣನ್ನು ಬದಲಿಸಬಹುದು. ಚೀಲವನ್ನು ನಾಲ್ಕೈದು ಸಲ ತೊಳೆದು, ಕೆಂಪು ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ತುಂಬಿದರಾಯಿತು.

ಚೀಲದ ಭೌತವಿಜ್ಞಾನ

ಇನ್ನು ಅನನುಕೂಲ ನೋಡಿ. ಹೊಲದಲ್ಲಿ ಬಿಸಿಲಿನ ಶಾಖ ಮೇಲಿನಿಂದ ಮಾತ್ರ ಇಳಿಯುತ್ತದೆ. 1822ರಲ್ಲಿ ಫೂರಿಯೆ ಪ್ರಕಟಿಸಿದ ಶಾಖವಹನ ಸಿದ್ಧಾಂತದಂತೆ, ಹಗಲು ರಾತ್ರಿಯ ಏರಿಳಿತ ತೇವದ ಮಣ್ಣಿನಲ್ಲಿ ಪ್ರತಿ 12 ಸೆಂ.ಮೀ. ಆಳಕ್ಕೆ ಸುಮಾರು ಮೂರನೇ ಒಂದಕ್ಕೆ ಕುಗ್ಗುತ್ತದೆ. ನೆಲದ ಮೇಲ್ಮೈ 16ರಿಂದ 36 ಡಿಗ್ರಿಯವರೆಗೆ ತೂಗಾಡಿದರೆ 15 ಸೆಂ.ಮೀ. ಆಳದಲ್ಲಿ 23ರಿಂದ 29ರ ನಡುವೆ ಮಾತ್ರ ತೂಗಾಟ. ಚೀಲಕ್ಕೆ ಶಾಖ ಸುತ್ತಲಿಂದ ಬರುತ್ತದೆ. 30 ಸೆಂ.ಮೀ. ಅಗಲದ ಸಿಲಿಂಡರಿಗೆ ಇದೇ ಲೆಕ್ಕ ಮಾಡಿದರೆ, ಅದರ ನಟ್ಟನಡುವೆಯೂ 17ರಿಂದ 35 ಡಿಗ್ರಿಯ ತೂಗಾಟವಿರುತ್ತದೆ. ಹೊಲದಲ್ಲಿ ನೆಲವೇ ಕೊಡುವ ರಕ್ಷಣೆ ಚೀಲದಲ್ಲಿ ಇಲ್ಲ.

ಪರಿಹಾರವನ್ನು ನಮ್ಮ ಮನೆಯ ನೀರಿನ ಗಡಿಗೆ ತೋರಿಸಿಕೊಟ್ಟಿದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಬೇಕು. ಚೀಲದ ಸುತ್ತ ಒದ್ದೆ ಗೋಣಿತಟ್ಟು ಸುತ್ತಿದರೆ, ಆವಿಯಾಗುವ ಅರ್ಧ ಲೀಟರ್ ನೀರು 40 ಕಿ.ಗ್ರಾಂ ತೇವದ ಮಣ್ಣನ್ನು 20 ಡಿಗ್ರಿ ತಣಿಸುವಷ್ಟು ಶಾಖ ಹೀರುತ್ತದೆ. ಅದರಲ್ಲಿ ಬಹುಪಾಲು ಸುತ್ತಲಿನ ಗಾಳಿಯಿಂದ ಬರುವುದರಿಂದ ನಿಜವಾದ ಇಳಿಕೆ ಕೆಲವೇ ಡಿಗ್ರಿ. ಆ ಕೆಲವೇ ಡಿಗ್ರಿ ಇಲ್ಲಿ ಮುಖ್ಯ. ಶಹಾಬಾದ್ ಕಲ್ಲು ಹಾಸಿದ ಮಾಳಿಗೆ ಹಗಲೆಲ್ಲ ಕಾಯುತ್ತದೆ, ಆದ್ದರಿಂದ ಚೀಲವನ್ನು ಇಟ್ಟಿಗೆಗಳ ಮೇಲಿಡಿ. ತಳದಲ್ಲಿ ತೂತುಗಳಿರಲಿ.

ಎಷ್ಟು ಬೆಳೆಯಬಹುದು?

ಚೀಲವನ್ನು ಎತ್ತರಿಸುತ್ತ ಮಣ್ಣು ತುಂಬಿದಷ್ಟೂ ಕಾಂಡದುದ್ದಕ್ಕೂ ಗಡ್ಡೆ ಬಿಟ್ಟು ಒಂದೇ ಗಿಡದಿಂದ ಹತ್ತಾರು ಕಿಲೋ ಸಿಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಸಂಗೀತ, ವೈದ್ಯ, ವಾಸ್ತು, ಅಡುಗೆ ಎಲ್ಲಕ್ಕೂ ಗಣಿತ ಬೇಕೆಂದು ಮಹಾವೀರಾಚಾರ್ಯ ತನ್ನ ಗ್ರಂಥದ ಆರಂಭದಲ್ಲಿಯೇ ಹೇಳಿದ್ದಾನೆ. ಲೆಕ್ಕ ಮಾಡೋಣ.

ಗಿಡದ ಹರವು ಅರ್ಧ ಚದರ ಮೀಟರ್ ಎನ್ನಿ. ಚಳಿಗಾಲದಲ್ಲಿ ಇಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ ಬೀಳುವ ಬಿಸಿಲು ಸುಮಾರು 18 ಮೆಗಾಜೂಲ್. 90 ದಿನಗಳಲ್ಲಿ ಗಿಡಕ್ಕೆ ದೊರೆತದ್ದು 810 ಮೆಗಾಜೂಲ್. ದ್ಯುತಿಸಂಶ್ಲೇಷಣೆಯಿಂದ ಇದರಲ್ಲಿ ನೂರಕ್ಕೆ ಒಂದು ಪಾಲು ಗಿಡದಲ್ಲಿ ಉಳಿದರೂ ಅದು ಒಳ್ಳೆಯ ಬೆಳೆ. ಅಂದರೆ 8 ಮೆಗಾಜೂಲ್. ಅದರ ಮುಕ್ಕಾಲು ಭಾಗ ಗಡ್ಡೆಗೆ ಹೋದರೆ 6. ಒಂದು ಕಿಲೋ ಆಲೂಗಡ್ಡೆಯಲ್ಲಿ ಇರುವುದು ಸುಮಾರು 3.2 ಮೆಗಾಜೂಲ್. ಉತ್ತರ: ಎರಡು ಕಿಲೋಗೆ ತುಸು ಕಡಿಮೆ. ಚೀಲ ಎಷ್ಟು ಎತ್ತರವಾದರೂ ಬಿಸಿಲು ಬೀಳುವ ಹರವು ಅಷ್ಟೇ. ಹೆಚ್ಚಿನ ತಳಿಗಳಲ್ಲಿ ಸ್ಟೋಲನ್‌ಗಳು ಹುಟ್ಟುವುದೂ ಬಿತ್ತನೆ ಗಡ್ಡೆಯ ಸಮೀಪದ ಗೆಣ್ಣುಗಳಲ್ಲಿ. ಮಣ್ಣೇರಿಸುವುದು ಅಗತ್ಯ ನಿಜ. ಆದರೆ ಅದು ಗಡ್ಡೆಗೆ ಬೆಳಕು ತಾಗದಂತೆ ಕಾಪಾಡಲು. ಬೆಳಕು ಬಿದ್ದ ಗಡ್ಡೆ ಹಸಿರಾಗುತ್ತದೆ, ಜೊತೆಗೆ ಸೊಲನೀನ್ ಎಂಬ ವಿಷವೂ ಸೇರುತ್ತದೆ. ಹಸಿರು ಗಡ್ಡೆಯನ್ನು ಮಕ್ಕಳು ತಿನ್ನದಂತೆ ನೋಡಿಕೊಳ್ಳಿ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಬಿತ್ತನೆಗೆ ರೋಗವಿಲ್ಲದ, ಮೊಳಕೆ ಮೂಡಿದ 40-50 ಗ್ರಾಂ ಗಡ್ಡೆ ಆರಿಸಿ. ಇದೂ ಚರಿತ್ರೆ ಕಲಿಸಿದ ಪಾಠ. ಗಡ್ಡೆಯಿಂದ ಗಡ್ಡೆಗೆ ವೈರಸ್ ಸಾಗುತ್ತದೆ. ಅದನ್ನು ಹರಡುವ ಗಿಡಹೇನು ಕಡಿಮೆ ಇರುವ ತಿಂಗಳುಗಳಲ್ಲಿ ಉತ್ತರದ ಬಯಲಿನಲ್ಲಿ ಬಿತ್ತನೆ ಬೆಳೆಯುವ ವಿಧಾನವನ್ನು ಪುಷ್ಕರನಾಥ್ 1950ರ ದಶಕದ ಕೊನೆಯಲ್ಲಿ ರೂಪಿಸಿದರು. ಹಾಸನದ ರೈತರು ಪಂಜಾಬಿನ ಬಿತ್ತನೆಗಾಗಿ ಕಾಯುವುದು ಇದೇ ಕಾರಣಕ್ಕೆ.

1995ರ ಅಕ್ಟೋಬರಿನಲ್ಲಿ ಕೊಲಂಬಿಯಾ ಗಗನನೌಕೆಯೊಳಗಿನ ಪುಟ್ಟ ಪೆಟ್ಟಿಗೆಯಲ್ಲಿ ಆಲೂ ಎಲೆಯ ತುಂಡುಗಳು ಭಾರರಹಿತ ಸ್ಥಿತಿಯಲ್ಲಿಯೂ ಸಣ್ಣ ಗಡ್ಡೆ ಕಟ್ಟಿದವು. ಅಲ್ಲಿ ಬೆಳಕು, ತೇವ, ಉಷ್ಣತೆ ಎಲ್ಲವನ್ನೂ ಯಂತ್ರ ನೋಡಿಕೊಂಡಿತು. ನಮ್ಮ ಶಾಲೆಗಳಲ್ಲಿ ಆ ಕೆಲಸ ವಿದ್ಯಾರ್ಥಿಗಳದು. ಅಧ್ಯಾಪಕರೇ, ಈ ಅಕ್ಟೋಬರಿನಲ್ಲಿ ಎರಡು ಚೀಲಗಳಲ್ಲಿ ಬಿತ್ತಿಸಿ. ಒಂದಕ್ಕೆ ಒದ್ದೆ ಗೋಣಿ ಸುತ್ತಿ, ಇನ್ನೊಂದನ್ನು ಹಾಗೆಯೇ ಬಿಡಿ. ಎರಡರ ನಡುವೆಯೂ ಉಷ್ಣತಾಮಾಪಕ ಇಟ್ಟು ಮುಂಜಾನೆ ಮತ್ತು ಮಧ್ಯಾಹ್ನ ಮೂರು ಗಂಟೆಗೆ ಓದಿ ಬರೆಸಿ. ಮಣ್ಣು, ನೀರು, ಕೊನೆಗೆ ಗಡ್ಡೆ ಎಲ್ಲವನ್ನೂ ತೂಗಿಸಿ. ಬಂದದ್ದು ಎರಡು ಕಿಲೋ ಇರಲಿ, ಅರ್ಧ ಕಿಲೋ ಇರಲಿ, ಏಕೆ ಅಷ್ಟು ಎಂಬುದಕ್ಕೆ ಉತ್ತರ ಮಕ್ಕಳ ನೋಟ್‌ಬುಕ್ಕಿನಲ್ಲಿಯೇ ಇರುತ್ತದೆ.