ಬುದ್ಧನ ಜನನ ಶಿಲ್ಪದಲ್ಲಿ ಮಗುವೇ ಇಲ್ಲ! ಅಮರಾವತಿಯ ಕಲ್ಲಿನಲ್ಲಿದೆ ಪುಟ್ಟ ಹೆಜ್ಜೆಗಳ ಗುರುತು

ಸಾಲವೃಕ್ಷದ ಕೆಳಗೆ ತಾಯಿ ನಿಂತಿದ್ದಾಳೆ. ಪಕ್ಕದಲ್ಲಿ ನಾಲ್ವರು ದೇವತೆಗಳು ಉದ್ದನೆಯ ಬಟ್ಟೆಯೊಂದನ್ನು ಹಿಡಿದುಕೊಂಡಿದ್ದಾರೆ. ಇದು ಗೌತಮ ಬುದ್ಧನ ಜನನದ ದೃಶ್ಯ. ಆದರೆ ಎಷ್ಟು ಹುಡುಕಿದರೂ ಮಗು ಕಾಣುವುದಿಲ್ಲ. ಬಟ್ಟೆಯನ್ನೇ ಹತ್ತಿರದಿಂದ ನೋಡಬೇಕು. ಅದರ ಮೇಲೆ ಪುಟ್ಟ ಪುಟ್ಟ ಹೆಜ್ಜೆ ಗುರುತುಗಳಿವೆ!

ಆಂಧ್ರಪ್ರದೇಶದಲ್ಲಿ ಕೃಷ್ಣಾ ನದಿ ದಂಡೆಯಲ್ಲಿರುವ ಅಮರಾವತಿಯ (ಈಗಿನ ರಾಜಧಾನಿಗೆ ಹೆಸರು ಕೊಟ್ಟ ಹಳೆಯ ಊರು) ಮಹಾಸ್ತೂಪಕ್ಕೆ ಸೇರಿದ ಸುಣ್ಣಕಲ್ಲಿನ ಚಪ್ಪಡಿಯಿದು. ಸುಮಾರು 1-2ನೇ ಶತಮಾನದ್ದು. ಈಗ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಚಪ್ಪಡಿಯಲ್ಲಿ ನಾಲ್ಕು ದೃಶ್ಯಗಳಿವೆ. ಮೇಲೆ ಬಲಕ್ಕೆ ಬಿಳಿ ಆನೆಯ ಕನಸು ಕಾಣುತ್ತಾ ಮಲಗಿರುವ ಮಾಯಾದೇವಿ, ಎಡಕ್ಕೆ ಶುದ್ಧೋದನನ ಆಸ್ಥಾನದಲ್ಲಿ ಆ ಕನಸಿನ ಅರ್ಥ ವಿವರಣೆ. ಕೆಳಗೆ ಬಲಕ್ಕೆ ಲುಂಬಿನಿಯಲ್ಲಿ ಜನನ. ಕೊನೆಯದರಲ್ಲಿ ಶಿಶುವನ್ನು ಶಾಕ್ಯರ ಕುಲದೇವತೆಯ ಬಳಿಗೆ ಕರೆತಂದಿದ್ದಾರೆ. ಅಲ್ಲೂ ಹೆಣ್ಣುಮಗಳ ಕೈಯಲ್ಲಿರುವುದು ಹೆಜ್ಜೆ ಗುರುತಿನ ಬಟ್ಟೆ ಮಾತ್ರ. ಮಗುವಿನಿಂದ ನಮಸ್ಕಾರ ಪಡೆಯಬೇಕಿದ್ದ ಯಕ್ಷನೇ ಎದ್ದು ಬಂದು ಅದಕ್ಕೆ ಕೈಮುಗಿಯುತ್ತಿದ್ದಾನೆ.

ಹುಟ್ಟಿದ ಕೂಡಲೇ ಬುದ್ಧ ಏಳು ಹೆಜ್ಜೆ ನಡೆದ ಎಂಬುದು ಬೌದ್ಧರ ನಂಬಿಕೆ. ಶಿಲ್ಪಿ ಹೆಜ್ಜೆಗಳನ್ನೇ ಆರಿಸಿಕೊಂಡಿದ್ದಕ್ಕೆ ಅದೇ ಆಧಾರ. ಆರಂಭಿಕ ಬೌದ್ಧ ಶಿಲ್ಪಗಳಲ್ಲಿ ಬುದ್ಧನ ಬದಲು ಪಾದ, ಬೋಧಿವೃಕ್ಷ, ಖಾಲಿ ಪೀಠ, ಧರ್ಮಚಕ್ರಗಳೇ ಕಾಣಸಿಗುತ್ತವೆ. ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದಲ್ಲೂ ಇಂಥ ಸಂಕೇತಗಳಿವೆ. ಯಾಕೆ ಹೀಗೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಂಥ ಎಷ್ಟೋ ಶಿಲ್ಪಗಳು ತೋರಿಸುವುದು ಬುದ್ಧನ ಬದುಕನ್ನಲ್ಲ, ಮುಂದೆ ಆ ಸ್ಥಳಗಳಲ್ಲಿ ಭಕ್ತರು ನಡೆಸಿದ ಪೂಜೆಯನ್ನು ಎನ್ನುತ್ತಾರೆ ಅಮೆರಿಕದ ಕಲಾ ಇತಿಹಾಸಕಾರ್ತಿ ಸೂಸನ್ ಹಂಟಿಂಗ್ಟನ್. ಆದರೆ ಬಟ್ಟೆಯ ಮೇಲೆ ಮೂಡಿದ ಈ ಹೆಜ್ಜೆಗಳಿಗೆ ಆ ವಾದ ಅಷ್ಟು ಸುಲಭವಾಗಿ ಹೊಂದುವುದಿಲ್ಲ.

ಗಾಂಧಾರದ ಶಿಲ್ಪಗಳಲ್ಲಿ (ಇಂದಿನ ಪಾಕಿಸ್ತಾನದ ವಾಯವ್ಯ ಭಾಗ) ಇದೇ ಕಥೆ ಬೇರೆ ರೀತಿ ಇದೆ. ಅಲ್ಲಿ ತಾಯಿಯ ಬಲಪಕ್ಕೆಯಿಂದ ಮಗು ಹೊರಬರುತ್ತದೆ, ಇಂದ್ರ ಬಟ್ಟೆಯೊಡ್ಡಿ ಎತ್ತಿಕೊಳ್ಳುತ್ತಾನೆ. ಎರಡೂ ಕಡೆ ಬದಲಾಗದಿರುವುದು ಮರದ ಕೊಂಬೆಯತ್ತ ಕೈಯೆತ್ತಿ ನಿಂತ ತಾಯಿ. ಈ ಭಂಗಿ ಶಿಲ್ಪಿಗಳಿಗೆ ಹೊಸದೇನಲ್ಲ, ಯಕ್ಷಿ ಮತ್ತು ಶಾಲಭಂಜಿಕೆಯರ ರೂಪದಲ್ಲಿ ಮೊದಲೇ ಬಳಕೆಯಲ್ಲಿತ್ತು.

ಈ ಕಲ್ಲು ನಮಗೆ ಉಳಿದಿದ್ದೇ ಅದೃಷ್ಟ. 18ನೇ ಶತಮಾನದ ಕೊನೆಯಲ್ಲಿ ಸ್ಥಳೀಯ ಜಮೀನ್ದಾರ ಹೊಸ ಊರು ಕಟ್ಟಲು ಸ್ತೂಪದ ದಿಬ್ಬ ಅಗೆಸಿದಾಗ ಚಪ್ಪಡಿಗಳು ಕಟ್ಟಡಗಳಿಗೆ ಹೋದವು, ಎಷ್ಟೋ ಕೆತ್ತನೆಗಳು ಸುಣ್ಣದ ಗೂಡಿನಲ್ಲಿ ಬೆಂದುಹೋದವು. ಕಾಲಿನ್ ಮೆಕೆಂಜಿ 1816ರಲ್ಲಿ ಮತ್ತೆ ಬಂದು ಉಳಿದವುಗಳ ಚಿತ್ರ ಬರೆಸಿದರು. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿ ಮದ್ರಾಸಿಗೆ ಸಾಗಿಸಿದ ಶಿಲ್ಪಗಳಲ್ಲಿ ಹಲವು 1859ರಲ್ಲಿ ಲಂಡನ್‌ಗೆ ಹೋದವು. ಸುಣ್ಣಕಲ್ಲಾದರೂ ಅವುಗಳಿಗೆ ‘ಎಲಿಯಟ್ ಮಾರ್ಬಲ್ಸ್’ ಎಂಬ ಹೆಸರು ಅಂಟಿಕೊಂಡಿತು! 1880ರಲ್ಲಿ ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು.

ಚೆನ್ನೈನಲ್ಲಿರುವವರು ಎಗ್ಮೋರ್‌ನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅಮರಾವತಿಯ ಇತರ ಶಿಲ್ಪಗಳನ್ನು ನೋಡಬಹುದು. ಹೋದಾಗ ಖಾಲಿ ಪೀಠ, ಪಾದದ ಗುರುತುಗಳ ಎದುರು ಸ್ವಲ್ಪ ಹೊತ್ತು ನಿಲ್ಲಿ.