ಬಾಣಂತಿಯ ಖಿನ್ನತೆ: ಒಂದು ರೋಗನಾಮದ ವಿಚಾರ

ಹೆರಿಗೆಯಾದ ಹೆಂಗಸಿನ ಬುದ್ಧಿ ಕೆಟ್ಟರೆ ಅದನ್ನು ‘ಬಾಣಂತಿ ಸನ್ನಿ’ಯೆಂದು ಕರೆಯುವುದು ಕನ್ನಡನಾಡಿನಲ್ಲಿ ಬಹುಕಾಲದ ರೂಢಿ. ‘ಸನ್ನಿ’ಯು ‘ಸನ್ನಿಪಾತ’ದ ತದ್ಭವವು. ವಾತ, ಪಿತ್ತ, ಕಫಗಳೆಂಬ ಮೂರು ದೋಷಗಳೂ ಒಮ್ಮೆಗೆ ಕೆರಳಿದಾಗ ಜ್ವರವೇರಿ ರೋಗಿಯು ಪ್ರಲಾಪಿಸುವ ಸ್ಥಿತಿಯನ್ನು ವೈದ್ಯಗ್ರಂಥಗಳು ಈ ಹೆಸರಿನಿಂದ ಸೂಚಿಸುತ್ತವೆ. ಆದುದರಿಂದ ಈ ಶಬ್ದದಲ್ಲಿ ಅಬ್ಬರವುಳ್ಳ ಬೇನೆಯು ಅಡಕವಾಯಿತೇ ಹೊರತು, ಸದ್ದಿಲ್ಲದೆ ಕೊರಗುವ ತಾಯಿಗೆ ಸ್ಥಳ ದೊರೆಯಲಿಲ್ಲ. ಆಕೆಗೆ ‘ಮಂಕು ಕವಿದಿದೆ’, ‘ದೃಷ್ಟಿ ತಾಗಿದೆ’, ‘ಗಾಳಿ ಸೋಕಿದೆ’ ಎಂಬ ಮಾತುಗಳಷ್ಟೇ ಉಳಿದುವು.

ಪ್ರಾಚೀನರು ಬಾಣಂತಿಯ ಮನಸ್ಸನ್ನು ಕಡೆಗಣಿಸಿದರೆಂದು ಇದರಿಂದ ಊಹಿಸಲಾಗದು. ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯವು, ಗರ್ಭಧಾರಣೆಯಿಂದಲೂ ವೇದನೆಯಿಂದಲೂ ರಕ್ತಸ್ರಾವದಿಂದಲೂ ಬಳಲಿದ ಸೂತಿಕೆಗೆ ಬಂದ ವ್ಯಾಧಿಯು ಕಷ್ಟಸಾಧ್ಯ ಅಥವಾ ಅಸಾಧ್ಯವೆಂದು ಹೇಳುತ್ತದೆ. ಆಪ್ತರು ಹತ್ತು ಹನ್ನೆರಡು ದಿನ ಆಕೆಯ ಬಳಿ ಎಚ್ಚರವಾಗಿದ್ದು, ಆ ಮನೆಯನ್ನು ಹಾಡು, ವಾದ್ಯ, ಆಶೀರ್ವಚನಗಳಿಂದ ತುಂಬಿರಬೇಕೆಂದೂ ವಿಧಿಸುತ್ತದೆ. ಅಲ್ಲಿ ಹೇಳಿದ ಉದ್ದೇಶವು ಗ್ರಹಾದಿಗಳಿಂದ ರಕ್ಷಣೆ. ಆದರೆ ತಾಯಿಯನ್ನು ಒಂಟಿಯಾಗಿ ಬಿಡಬಾರದೆಂಬ ವಿವೇಕವು ಆ ವಿಧಿಯಲ್ಲಿ ಸ್ಪಷ್ಟವಾಗಿದೆ.

ಯುರೋಪಿನಲ್ಲಿಯೂ ರೋಗವಿವೇಚನೆಯು ತಡವಾಗಿಯೇ ಬಂದಿತು. ಫ್ರಾನ್ಸಿನ ಎಸ್ಕಿರೋಲನು 1838ರಲ್ಲಿ, ಇಂತಹ ತಾಯಂದಿರಲ್ಲಿ ಅನೇಕರು ಮನೆಗಳಲ್ಲಿಯೇ ಉಳಿದು ಆಸ್ಪತ್ರೆಯ ಲೆಕ್ಕಕ್ಕೆ ಸಿಗುವುದಿಲ್ಲವೆಂಬುದನ್ನು ಗಮನಿಸಿದನು. 1858ರಲ್ಲಿ ಮಾರ್ಸೆ ಎಂಬ ವೈದ್ಯನು ಗರ್ಭಿಣಿಯರ, ಬಾಣಂತಿಯರ ಮತ್ತು ಮೊಲೆಯೂಡಿಸುವವರ ಚಿತ್ತವಿಕಾರಗಳನ್ನು ಕುರಿತು ಒಂದು ಗ್ರಂಥವನ್ನೇ ರಚಿಸಿದನು. ಆದರೂ ಸೂತಿಕಾಜ್ವರವು ಪ್ರಬಲವಾಗಿದ್ದಷ್ಟು ಕಾಲ ಜ್ವರದ ಪ್ರಲಾಪವನ್ನೂ ಮನೋರೋಗವನ್ನೂ ಬೇರ್ಪಡಿಸುವುದು ಕಠಿನವಾಗಿದ್ದಿತು. 1936ರಲ್ಲಿ ಲಂಡನ್ನಿನ ಕೋಲ್‌ಬ್ರೂಕನು ಸಲ್ಫಾ ಔಷಧದಿಂದ ಆ ಜ್ವರವನ್ನು ಹತೋಟಿಗೆ ತಂದನು. ಜ್ವರವು ಇಳಿದ ಮೇಲೆ ಅದರ ಮರೆಯಲ್ಲಿದ್ದ ದುಃಖವು ಗೋಚರಿಸಿತು. ಸಾಮಾನ್ಯ ತಾಯಂದಿರಲ್ಲಿ ಕಾಣುವ ಖಿನ್ನತೆಯನ್ನು 1968ರಲ್ಲಿ ಬ್ರೈಸ್ ಪಿಟ್ಟನು ವರ್ಣಿಸಿದನು. ಅದನ್ನು ಗುರುತಿಸಲು 10 ಪ್ರಶ್ನೆಗಳ ಎಡಿನ್‌ಬರೋ ಮಾಪಕವು 1987ರಲ್ಲಿ ಸಿದ್ಧವಾಯಿತು.

ಇಂದು ಮೂರು ಅವಸ್ಥೆಗಳನ್ನು ಬೇರೆಬೇರೆಯಾಗಿ ಎಣಿಸುತ್ತಾರೆ. ಹೆರಿಗೆಯ ಮೂರರಿಂದ ಐದನೆಯ ದಿನದ ಸುಮಾರಿಗೆ ಬಹುಮಂದಿಗೆ ಬರುವ ಅಳು ಎರಡು ವಾರಗಳೊಳಗೆ ತಾನಾಗಿ ಶಮಿಸುವುದು. ಸಾವಿರಕ್ಕೆ ಒಬ್ಬಿಬ್ಬರಿಗೆ ತಟ್ಟುವ ಉನ್ಮಾದಕ್ಕೆ ತಕ್ಷಣ ಆಸ್ಪತ್ರೆಯ ಚಿಕಿತ್ಸೆ ಬೇಕು. ರೂಢಿಯ ‘ಸನ್ನಿ’ಗೆ ಹತ್ತಿರವಾದುದು ಇದೇ. ಇವೆರಡರ ನಡುವೆ ಖಿನ್ನತೆಯಿದೆ: ವಾರಗಟ್ಟಲೆ ನಿರುತ್ಸಾಹ, ಮಗು ಮಲಗಿದರೂ ಬಾರದ ನಿದ್ದೆ, ತಾನು ಕೆಟ್ಟ ತಾಯಿಯೆಂಬ ಅಪರಾಧಭಾವ, ಒಮ್ಮೊಮ್ಮೆ ಸಾಯುವ ಯೋಚನೆ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯು ಇದರ ಪ್ರಮಾಣವನ್ನು ನೂರಕ್ಕೆ 22 ಎಂದಿತು. ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವು ಬಡತನ, ಗಂಡನ ಹಿಂಸೆ, ಗಂಡುಮಗುವಿನ ಹಂಬಲಗಳಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿತು.

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ, ಅಫಜಲಪುರ, ಜೇವರ್ಗಿಗಳ ಸೀಮೆಗೆ ಈ ವಿಚಾರವು ವಿಶೇಷವಾಗಿ ಅನ್ವಯಿಸುತ್ತದೆ. 1948ರ ವರೆಗೆ ನಿಜಾಮನ ಆಳಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಪ್ರದೇಶಕ್ಕೂ, ತಾಯಿ-ಮಗುವನ್ನು ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ನೀಡುವ ವಿಭಾಗವನ್ನು 2009ರಲ್ಲಿ ತೆರೆದ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೂ ಬಹುದೂರ. ಚೊಚ್ಚಲ ಬಾಣಂತನವು ತವರಿನಲ್ಲಿ ನಡೆಯುವುದು ಇಲ್ಲಿಯೂ ವಾಡಿಕೆ. ಆ ಆರೈಕೆಯು ದೊಡ್ಡ ಆಸರೆಯೇ ಸರಿ. ಆದರೆ ಕೆಲವು ತಿಂಗಳ ಬಳಿಕ ತಾಯಿಯು ಅತ್ತೆಮನೆಗೆ ಮರಳಿದಾಗ ನೋಡಿಕೊಳ್ಳುವವರು ಬದಲಾಗುತ್ತಾರೆ. ಆಕೆಯ ಮೊದಲಿನ ಸ್ವಭಾವವನ್ನು ಬಲ್ಲವರು ಬಳಿಯಲ್ಲಿರುವುದಿಲ್ಲ. ಆಗ ರೋಗದ ಮೌನವು ಹೊಸ ಸೊಸೆಯ ಸಂಕೋಚವಾಗಿಯೂ, ಆಯಾಸವು ಮೈಗಳ್ಳತನವಾಗಿಯೂ ತೋರಬಹುದು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಬಾರದೆಂದು ವಿಧಿಸಿದೆ. ಆದರೆ ಚಿಕಿತ್ಸೆಗೆ ಮೊದಲು ರೋಗವು ರೋಗವೆಂದು ತಿಳಿಯಬೇಕು. ‘ಸನ್ನಿ’ಯೆಂಬ ಹೆಸರಿಗೆ ಹೆದರಿ ಮನೆಯವರು ಮುಚ್ಚಿಡುವುದೂ, ಸನ್ನಿಯಲ್ಲವೆಂದು ನಿಶ್ಚಿಂತರಾಗುವುದೂ ಸಮಾನವಾದ ಅಪಾಯಗಳೇ. ಆದಕಾರಣ ‘ಸನ್ನಿ’ಯನ್ನು ಉನ್ಮಾದಕ್ಕೆ ಮೀಸಲಿಟ್ಟು, ‘ಬಾಣಂತಿಯ ಖಿನ್ನತೆ’ ಎಂಬ ಮಾತನ್ನು ಪಾಠಗಳಲ್ಲಿಯೂ ಮನೆಮಾತಿನಲ್ಲಿಯೂ ಬೇರೆಯಾಗಿ ನೆಲೆಗೊಳಿಸುವುದು ಕೇವಲ ಶಬ್ದಚರ್ಚೆಯಲ್ಲ. ಹೇಳಿಕೊಳ್ಳಲು ಮಾತಿಲ್ಲದ ತಾಯಿಗೆ ಮಾತನ್ನೊದಗಿಸುವ ಕಾರ್ಯವಾಗಿದೆ.