ಜಲಜನಕ

ಜಲವನ್ನು ಹುಟ್ಟಿಸುವುದು ಜಲಜನಕ. 1787ರಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಸಂಗಡಿಗರ ಪುಸ್ತಕದಲ್ಲಿ ನೆಲೆನಿಂತ ‘ಹೈಡ್ರೋಜನ್’ಗೂ ಗ್ರೀಕಿನಲ್ಲಿ ಇದೇ ಅರ್ಥ. ಅದರ ಜೊತೆಗಾರ ಆಮ್ಲಜನಕದ್ದು ತಪ್ಪು ಹೆಸರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೇ ಇಲ್ಲ. ಜಲಜನಕ ಮಾತ್ರ ಹೆಸರಿಗೆ ತಕ್ಕಂತೆ ನಡೆಯುತ್ತದೆ: ಜಲಜನಕದಿಂದ ವಿದ್ಯುತ್ ತೆಗೆದು ಓಡುವ ಇಂಧನಕೋಶದ ಬಸ್ಸಿನ ಹಿಂಬದಿಯ ಕೊಳವೆಯಿಂದ ತೊಟ್ಟಿಕ್ಕುವುದು ನೀರು.

ಆದರೆ ಆ ಕೋಶಕ್ಕೆ ಹೋಗುವ ಜಲಜನಕ ಶುದ್ಧವಾಗಿರಬೇಕು. ನೈಸರ್ಗಿಕ ಅನಿಲವನ್ನು ಹಬೆಯೊಡನೆ ಕಾಯಿಸಿ ಜಲಜನಕ ತೆಗೆಯುವಾಗ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತದೆ. ಅದು ಕೋಶದೊಳಗಿನ ಪ್ಲಾಟಿನಂ ಕಣಗಳಿಗೆ ಅಂಟಿ ಕೂತರೆ ಜಲಜನಕಕ್ಕೆ ಜಾಗವೇ ಸಿಗದು. ಹಾಗಾಗಿ ವಾಹನಗಳಿಗೆ ತುಂಬುವ ಜಲಜನಕದಲ್ಲಿ ಅದಕ್ಕೆ ಹತ್ತು ಲಕ್ಷಕ್ಕೆ 0.2 ಪಾಲಿನ ಮಿತಿ.

ನವೀಕರಿಸಬಹುದಾದ ವಿದ್ಯುತ್ತಿನಿಂದ ನೀರನ್ನು ಒಡೆದು ತೆಗೆದ ಜಲಜನಕಕ್ಕೆ ಪತ್ರಿಕೆಗಳಲ್ಲಿ ಈಗ ‘ಗ್ರೀನ್ ಹೈಡ್ರೋಜನ್’ ಎಂಬ ಹೆಸರು ಓಡಾಡುತ್ತಿದೆ. ‘ಹಸಿರು ಜಲಜನಕ’ ಎಂದರೆ ಶಾಲೆಯ ಮಗುವಿಗೂ ನೀರಿನ ನಂಟು ಕಿವಿಗೇ ಕೇಳುತ್ತದೆ. ನನಗೆ ಅದೇ ಇಷ್ಟ.